ಮೂರು ಎಣಿಸೋ ತನಕ

...ಅಲ್ಲಲ್ಲ, ಕೀಲಿಕೈ ಆಮ್ಯಾಲ ಕೊಡುವಂತಿ, ಮೊದಲು ಒಳಗ ಬಾ. ಒಂಬತ್ತು ವರ್ಷ ಈ ಸ್ಟುಡಿಯೋದ ಬೀಗ ತಗದಾಕಿ ನೀನು, ಅನಿತಾ. ಇವತ್ತೇನು ಬೀಗರಂಗ ಹೊಸ್ತಿಲದಾಗ ನಿಂತಿ? ಕುಂದ್ರು. ಕೊಳಗಲ್ಲಿನ ಬಸ್ಸು ಸಿಕ್ಕಿತೇನು, ಆಟೋದಾಗ ಬಂದ್ಯೇನು? ...ಆತು, ಹೇಳಬ್ಯಾಡ ಬಿಡು.

ಜಗಳಕ್ಕ ಕರಿಸಿಲ್ಲ ನಿನ್ನ. ಕೆಲಸ ಐತಿ. ನೋಡಿಲ್ಲಿ, ಕಂಪ್ಯೂಟರಿನಿಂದ ಕ್ಯಾಮರಾ ನಡಸೋ ಸಾಫ್ಟ್‌ವೇರು, ಎರಡು ಇಳಿಸಿಟ್ಟೀನಿ. ಹದಿನೈದು ದಿನ ಸುಮ್ನ ಹಾಕಿ ನೋಡಬಹುದು. ಒಂದಕ್ಕ ವೈರು ಬೇಕು, ಒಂದಕ್ಕ ಬ್ಯಾಡ. ಯಾವುದು ಇಟ್ಟುಕೊಳ್ಳೋಣ, ನೀನ ಹೇಳು. ನಾನು, ಈ ಸಾವಂತ್ರಮ್ಮ, ಇನ್ನೊಬ್ಬರಿಗೆ 'ನೀನ ಹೇಳು' ಅನ್ನೋದು ಇದ ಮೊದಲು... ಯಾಕ ನಗ್ತಿ? ನಗಲಿಲ್ಲ? ತುಟಿ ಅಲುಗಿದಂಗಾತು, ಅದಕ್ಕ ಕೇಳಿದೆ.

ಹೊಸದು ಹಾಕೋಕಿಂತ ಮೊದಲು ಹಳೇದು ಪೂರಾ ಕಿತ್ತು ಹಾಕಬೇಕು. ಅದರ ಹೊಟ್ಯಾಗ ಇದ್ದದ್ದೆಲ್ಲ ಕೂಡಿ. ನಾಕು ಗಂಟಿಗೆ ಕುರುಗೋಡಿನವರು ಬರ್ತಾರ, ಅಷ್ಟ್ರಾಗ ಮುಗಿದ್ರ ಚಲೋ.

ಹ್ಞೂಂ, ಇವತ್ತ ಬರ್ತಾರ. ಕೂಸಿನ ತಾಯಿ ಅಕ್ಷತಾ, ಅಕಿ ತಾಯಿ ಪಾರಮ್ಮ, ಇಬ್ಬರು ಹಿರ್ಯಾರು. ಕೂಸು ಈ ಟೇಬಲ್ ಮ್ಯಾಲಿಂದ ಬಿದ್ದು ಇವತ್ತಿಗೆ ಇಪ್ಪತ್ತಾರು ದಿನ. ಆಸ್ಪತ್ರಿಯಿಂದ ಮನಿಗೆ ಕಳಿಸ್ಯಾರಂತ. ಕಣ್ಣು ತೆರೀತೈತಂತ. ಎಡಗೈ ಎತ್ತಂಗಿಲ್ಲಂತ. ಕರದ್ರ ಈ ಕಡೆ ತಿರುಗಂಗಿಲ್ಲಂತ... ಹಂಗ ನೋಡಬ್ಯಾಡ. ನನಗೇನು ಹೊಟ್ಟಿ ಉರಿಯಂಗಿಲ್ಲೇನು?

ಸಾಫ್ಟ್‌ವೇರಿನ ಮಾತಿಗೆ ಬರೋಣ. ಹಳೇದು ಕೆಟ್ಟದ್ದಲ್ಲ. ಅದನ್ನ ಆರಿಸಿದಾಕಿ ನಾನು. ಕೂಸುಗಳ ಫೋಟೋಕ್ಕ ಕ್ಯಾಮರಾ ತೊಲಿಗೆ ತೂಗು ಹಾಕಿ, ಕೆಳಗ ಮುಖ ಮಾಡಿಸಿ, ನೆತ್ತಿ ಮ್ಯಾಲಿಂದ ತಗೀಬೇಕು. ಎಷ್ಟು ವರ್ಷ ಸ್ಟೂಲ್ ಹತ್ತಿ ಇಳದೀನಿ, ನೀನ ಸ್ಟೂಲ್ ಹಿಡಿದಾಕಿ. ಮೊಣಕಾಲು ಹೋದುವು. ಕಂಪ್ಯೂಟರ್ ಅಂಗಡಿ ಗವಿಸಿದ್ದೇಶನ್ನ ಕೇಳಿದ್ರ ವೈರಿಂದು ತಗೋರ್ರಿ ಅಂದ. ಇಷ್ಟ ಅಂದಿದ್ರ ತಗೊಂತಿದ್ದೆ. 'ಆರಿಸೋದು ನಿಮಗ ಬಗಿಹರಿಯಂಗಿಲ್ಲ ಅಕ್ಕಾರ, ನಾ ಹೇಳಿದ್ದ ತಗೋರ್ರಿ' ಅಂದ. ನಗಾಡಿಕೋತ ಅಂದ.

ನಾಕನೇತ್ತಕ್ಕ ಸಾಲಿ ಬಿಟ್ಟಾಕಿ ನಾನು. ಭಜಿ ಕಟ್ಟಿದ ಪೇಪರು ಬಿಡಿಸಿ ಓದಿ ಅಕ್ಷರ ಉಳಿಸಿಕೊಂಡಾಕಿ. ಆ ಸಾಫ್ಟ್‌ವೇರಿನ ಇಂಗ್ಲಿಷ್ ಪುಸ್ತಕ, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ಹದಿನೆಂಟು ದಿನ ಒಂದೊಂದ ಸಾಲು ಓದೀನಿ. ಓದಿ, ಅವ ಬ್ಯಾಡ ಅಂದದ್ದನ್ನ ಹಾಕೀನಿ. ವೈರಿಲ್ಲ, ಯಾರ ಕಾಲಿಗೂ ಸಿಗಂಗಿಲ್ಲ. ಕ್ಯಾಮರಾ ಕಂಡದ್ದೆಲ್ಲ ಇಲ್ಲಿ ಕುಂತಲ್ಲೇ ಸ್ಕ್ರೀನಿನ್ಯಾಗ ಕಾಣತೈತಿ. ಸ್ವಲ್ಪ ತಡಾ ಆಗಿ ಬರತಿತ್ತು, ಅಷ್ಟ.

...ಏನು? ಏನರ ಅಂದ್ಯೇನು?

ಕೇಳು. ನಾ ಅವರಿಗೆ ನಿನ್ನ ಬಗ್ಗೆ ಕೆಟ್ಟದ್ದೇನೂ ಹೇಳಿಲ್ಲ. ಅನಿತಾ ಟೇಬಲ್ ಹತ್ರ ಇದ್ದಳು, ಫೋನು ಬಂತು, ಹೊರಗ ಹೋದಳು. ಇಷ್ಟ ಹೇಳೀನಿ. ಉಳಿದದ್ದು ಅವರ ಕಟ್ಟಿಕೊಂಡಾರ. ಐದು ತಿಂಗಳಿನ ಕೂಸು, ಇನ್ನೂ ಬೋರಲು ಬಿದ್ದಿಲ್ಲ, ಅಂಗಾತ ಮಲಗಿಸಿದ್ದು ಅಂಗಾತ ಇರತಿತ್ತು. ಅಂಥಾದ್ದು ತಾನಾಗಿ ಹೆಂಗ ಬೀಳತೈತಿ, ಆ ಹುಡುಗಿ ಓಡೋ ಅವಸರದಾಗ ಟೇಬಲ್ ಮ್ಯಾಲೆ ಹಾಸಿದ ಅರಿವಿ ಜಗ್ಗ್ಯಾಳ ಅಂತಾರ. ನಾ ಹೌದು ಅನ್ನಲಿಲ್ಲ. ...ಅಲ್ಲ ಅಂತನೂ ಅನ್ನಲಿಲ್ಲ.

ಇವತ್ತ ನೀ ಒಂದ ಮಾತು ಅಂದ್ರ ಮುಗೀತು. ಅರಿವಿ ಕಾಲಿಗೆ ಸಿಕ್ಕಿತು, ಗೊತ್ತಾಗಲಿಲ್ಲ ಅಂತ. ನೀ ಕೆಲಸಕ್ಕ ಬರೋ ಹೆಣ್ಮಗಳು, ಆರು ತಿಂಗಳಿಗೆ ಜನ ಮರೀತಾರ. ನಾ ಅಂದ್ರ ಬೋರ್ಡಿನ ಮ್ಯಾಲಿನ ಹೆಸರು. ಈ ಬಳ್ಳಾರಿಯಾಗ ಹೆಣ್ಣೊಬ್ಬಾಕಿ ಹೆಸರಿನ ಸ್ಟುಡಿಯೋ ಎಲ್ಲೈತಿ ತೋರಿಸು. ನಾಳಿ ಯಾವ ತಾಯಿ ಕೂಸು ಎತ್ತಿಕೊಂಡು ಈ ಮೆಟ್ಟಿಲು ಹತ್ತ್ಯಾಳು?

ಅಳ್ತೀಯೇನು? ...ಇಲ್ಲ. ಅತ್ತಿದ್ರ ಚಲೋ ಇತ್ತು. ಬೈದ್ರೂ ಚಲೋ ಇತ್ತು. ಹಿಂಗ ಗ್ವಾಡಿಯಂಗ ಕುಂತ್ರ ನಾ ಯಾರ ಕೂಡ ಮಾತಾಡ್ಲಿ?

ಅದು ಹಳೇ ಸಾಫ್ಟ್‌ವೇರು, ಅದನ್ನ ತಗೀಬ್ಯಾಡ. ಹೊಸದು ಈ ಕಡೆ ಐತಿ. ಅನಿತಾ, ಮೌಸ್ ಬಿಡು. ಆ ದಿನದ ಫೋಟೋ ಒಂದೂ ಉಳಿದಿಲ್ಲ ಅಂತ ಅವರಿಗೆ ಹೇಳಿಬಿಟ್ಟೀನಿ. ಅದರಾಗ ಏನೂ ಇಲ್ಲ... ಬಿಡಲೇ.

...ತಗದಿ.

ಹ್ಞೂಂ. ನೋಡು. ನೀನರ ನೋಡು. ಇಪ್ಪತ್ತಾರು ದಿನ ಡಿಲೀಟಿನ ಮ್ಯಾಲ ಬೆರಳಿಟ್ಟುಕೊಂಡು ಕುಂತೀನಿ. ಒತ್ತಾಕ ಆಗವಲ್ದು. ಅದಕ್ಕ ನಿನ್ನ ಕರಿಸೀನಿ. ನಿನ್ನ ಕೈಲೆ ಸಾಫ್ಟ್‌ವೇರಿನ ಕೂಡ ಈ ಫೋಟೋನೂ ಹೋಗಲಿ ಅಂತ.

ಕೂಸು ಬೋರಲು ಬಿದ್ದೈತಿ. ಕಾಣತೈತಲ್ಲ? ಒಂದು ಕೈ ಎದಿ ಕೆಳಗ, ಒಂದು ಕೈ ಅಂಚು ದಾಟೈತಿ. ಅರಿವಿ ಹಾಸಿದಂಗ ಐತಿ, ಒಂದು ನೆರಿಗಿ ಬಿದ್ದಿಲ್ಲ. ಯಾರೂ ಜಗ್ಗಿಲ್ಲ ಅದನ್ನ. ಸುತ್ತ ಯಾರ ಕೈಯೂ ಇಲ್ಲ.

ಪಾರಮ್ಮ ಸಿರುಗುಪ್ಪದ ಕಡಿಯಾಕಿ, ಮನ್ಯಾಗ ತೆಲುಗು. ಕೂಸು ಮೊದಲನೇ ಸಲ ಬೋರಲು ಬಿದ್ದ ದಿನ ಬೂರೆಲು ಅಂತ ಸಿಹಿ ಕರದು ಓಣಿಗೆಲ್ಲ ಹಂಚಬೇಕು ಅವರಾಗ. ಅವತ್ತು ಹೊರಗಿನ ಬೆಂಚಿನ ಮ್ಯಾಲ ಕುಂತು ಅದ ಹೇಳಾಕತ್ತಿದ್ದಳು. ಇವತ್ತೋ ನಾಳೆಯೋ ಬೀಳತೈತಿ, ಕಡ್ಲಿಬ್ಯಾಳಿ ಬೆಲ್ಲ ತಂದಿಟ್ಟೀನಿ, ನಿಮಗೂ ಕಳಸ್ತೀನಿ ಅಂದಳು. ನಾನ ಅವರನ್ನ ಹೊರಗ ಕುಂದ್ರಿಸಿದ್ದೆ. ಮಂದಿ ಇದ್ರ ಕೂಸಿನ ಕಣ್ಣು ಆ ಕಡೆ ಈ ಕಡೆ ಹೋಗತೈತಿ ಅಂತ.

ನಿನಗ ಫೋನು ಬಂದಿರಲಿಲ್ಲ.

ಹ್ಞೂಂ, ಬಂದಿರಲಿಲ್ಲ. ಕೆಂಪು ಟೊಪ್ಪಿಗಿ ತಗೊಂಬಾ ಅಂತ ನಾನ ಕಳಿಸೀನಿ. ನೀ ಹೋಗಲಿಲ್ಲ. ಟೇಬಲ್ ಬಿಟ್ಟು ಹೆಂಗ ಹೋಗಲಿ ಅಕ್ಕಾ, ಇದು ತಡಾ ತೋರಸ್ತೈತಿ ಅಂದಿ. ಸಾಫ್ಟ್‌ವೇರು ಹಾಕಿದ ಮೊದಲನೇ ದಿನಾನೂ ಅಂದಿದ್ದಿ. ಮೂರು ಎಣಿಸೋ ತನಕ ಚಿತ್ರ ಬರಂಗಿಲ್ಲ, ಗವಿಸಿದ್ದೇಶಣ್ಣ ಹೇಳಿದ್ದ ಖರೆ ಐತಿ ಅಂತ. ಅವನ ಹೆಸರು ಕೇಳಿ ನನಗ ಮೈ ಉರೀತು. ಕೂಸು ಬಿದ್ದ ದಿನಾನೂ ಉರೀತು. ಹೋಗಲೇ, ನನಗ ಕಾಣತೈತಿ ಅಂದೆ. ಆಮ್ಯಾಲ ನೀ ಹೋದಿ.

ಕಾಣತಿತ್ತು ಅನಿತಾ. ಕೂಸು ಅಂಗಾತ ಮಲಗಿ ನಗಾಕತ್ತಿತ್ತು. ವಸಡು ಕಾಣೋವಂಗ ನಕ್ಕಿತು. ಆ ನಗಿಗೆ ಒತ್ತಿದೆ. ಒತ್ತಿದ್ದಕ್ಕ ಬಂದ ಫೋಟೋ ಇದು. ನಾ ಒತ್ತೂದ್ರಾಗ ಆ ನಗು ಮುಗದು ಹೋಗಿತ್ತು...

ಸಪ್ಪಳ ಮೊದಲು ಬಂತು. ಹಸೀ ಅರಿವಿ ಕಲ್ಲಿಗೆ ಹಾಕಿದಂಗ. ನಾ ತಿರುಗಿ ನೋಡಬೇಕಿತ್ತು. ಟೇಬಲ್ ನಾಕು ಮೊಳ ದೂರ ಇಲ್ಲ. ನಾ ಸ್ಕ್ರೀನ್ ನೋಡಿದೆ. ಸ್ಕ್ರೀನಿನ್ಯಾಗ ಕೂಸು ಇನ್ನೂ ನಗಾಕತ್ತಿತ್ತು. ಅದಕ್ಕ ಬಿದ್ದದ್ದು ಬ್ಯಾರೆ ಏನೋ ಅನಕೊಂಡೆ.

ಎಲ್ಲಿ ಹೊಂಟಿ? ಆ ಟೇಬಲಿನ ಕಡೆ ಯಾಕ? ಕ್ಯಾಮರಾ ಚಾಲೂ ಐತಿ, ಕೆಳಗ ನಿಲ್ಲಬ್ಯಾಡ. ಅದರ ಮ್ಯಾಲ ಕೈ ಯಾಕ ಇಡ್ತಿ?

...ಇಟ್ಟೀಯಲ್ಲ. ಇಲ್ಲಿ ಸ್ಕ್ರೀನಿನ್ಯಾಗ ಬರಿ ಟೇಬಲ್ ಐತಿ. ಬಿಳಿ ಅರಿವಿ. ಏನೂ ಇಲ್ಲ.

ಒಂದು.

ಎರಡು.

...ಬಂತು. ನಿನ್ನ ಕೈ ಬಂತು. ಹಸಿರು ಬಳಿ.

ಮೆಟ್ಟಿಲ ಮ್ಯಾಲ ಮಂದಿ ಬರೋ ಸಪ್ಪಳ. ನಾಕಾಗಿಲ್ಲ ಇನ್ನೂ, ಲಗೂನ ಬಂದಾರ. ಪಾರಮ್ಮನ ದನಿ ಅದು. ಅನಿತಾ, ಹಳೇದು ಕಿತ್ತು ಹಾಕೋದೋ ಇಡೋದೋ, ಅದೊಂದು ಹೇಳಿಬಿಡು. ನೀ ಹೇಳಿದಂಗ ಮಾಡ್ತೀನಿ. ಈ ಸಲ ನೀ ಹೇಳಿದಂಗ. ನನ್ನ ಕೈಲೆ ಆರಿಸಾಕ ಆಗಂಗಿಲ್ಲ. ಒಂದ ಮಾತಾಡು, ಕೈ ಅಲ್ಲೇ ಇಟ್ಟುಕೊಂಡು ನಿಂತಿ, ಒಂದ ಮಾತು...

ಇದೇನು, ಚಿಲಕದ ಸಪ್ಪಳ. ನೀ ಬಾಗಲಕ್ಕ ಯಾವಾಗ ಹೋದಿ? ಇಲ್ಲಿ ಸ್ಕ್ರೀನಿನ್ಯಾಗ ನಿನ್ನ ಕೈ ಇನ್ನೂ ಟೇಬಲ್ ಮ್ಯಾಲ ಐತಿ.