ಹುಲ್ಲುಬಯಲಲ್ಲಿ ಮಲಗಿದ ದೇವರ ಹೋರಿ

ಇದು ನಡೆದದ್ದು ಹೋದ ವರ್ಷ, ತೊಂಬತ್ತೆಂಟರ ಕೊನೆಗೆ, ನಮ್ಮ ದೊಡ್ಡಪ್ಪನ ಮಗ ಮೂಕಯ್ಯನಿಗೆ. ನಗೋದಿದ್ರೆ ಈಗಲೇ ನಕ್ಕುಬಿಡಿ, ಆಮೇಲೆ ಬೇಡ.

ಕಂಬಂ ಪೇಟೆಯಿಂದ ಬರೋ ಕೊನೆ ಬಸ್ಸಿಳಿದು ಅವನು ಒಬ್ಬನೇ ಮನೆಗೆ ನಡೀತಿದ್ದ. ದಾರೀಲಿ ಹಳೇ ಬಾವಿ. ಬಾವಿ ದಾಟಿದ್ರೆ ಏಲಕ್ಕಿ ಎಸ್ಟೇಟಿನವರ ವಿಮಾನ ಇಳಿಯೋ ಬಯಲು. ಉದ್ದಕ್ಕೂ ಬರೀ ಹುಲ್ಲು, ಕೊನೇಲಿ ಅರ್ಧ ಸುಟ್ಟ ಹುಣಸೆಮರ. ತಿಂಗಳ ಹಿಂದೆ ಅವನ ತಮ್ಮ ಮುತ್ತುಕುಮಾರ್ ಸತ್ತದ್ದು ಅಲ್ಲೇ.

ಅದನ್ನ ಮೊದಲು ಹೇಳಬೇಕು. ಮುತ್ತು ಆ ಬಯಲಿನ ಹುಲ್ಲು ಕೊಯ್ಯೋನು. ಪೈಲಟ್ಟನ್ನ ಕಾಡಿ ಬೇಡಿ, ಕೊನೆಗೊಂದು ದಿನ ಆ ಇಬ್ಬರು ಕೂರೋ ಪುಟ್ಟ ವಿಮಾನ ಹತ್ತಿದ. ವಿಮಾನ ಓಡೋಕೆ ಶುರುವಾಯ್ತು. ಅಷ್ಟರಲ್ಲಿ ನಮ್ಮ ದೇವರ ಹೋರಿ ಬಂದು ಬಯಲ ನಡುವೆ ಮಲಗಿಬಿಡ್ತು. ದೇವರ ದನ ಕಾಯೋನು ಮೂಕಯ್ಯನೇ. ನಮ್ಮವರಲ್ಲಿ ಆ ದನಕ್ಕೆ ಕೋಲು ಮುಟ್ಟಿಸೋ ಹಾಗಿಲ್ಲ, ಗದರೋ ಹಾಗೂ ಇಲ್ಲ. ಕೈಮುಗಿದು ನಿಂತ. "ಏಳಪ್ಪಾ ಸಾಮಿ... ಏಳು..." ನಾವಿರೋದು ತಮಿಳುನಾಡಲ್ಲಾದ್ರೂ ಕನ್ನಡದಲ್ಲೇ ಬೇಡಿದ, ತಮಿಳಲ್ಲಿ ಕರೆದ್ರೆ ನಮ್ಮ ದೇವರು ತಿರುಗಿಯೂ ನೋಡಲ್ಲ. ಅವತ್ತು ಕನ್ನಡಕ್ಕೂ ಏಳಲಿಲ್ಲ. ಪೈಲಟ್ ಅದರ ಮೇಲಿಂದ ಹಾರಿಸೋಕೆ ಹೋದ, ವೇಗ ಸಾಲದೆ ಮರಕ್ಕೆ ಬಡಿದ. ಇಬ್ಬರೂ ಉಳೀಲಿಲ್ಲ.

"ಒಂದೇಟು ಹಾಕಿದ್ರೆ ನನ್ ತಂಬಿ ಬದುಕ್ತಿದ್ದ..." ಆಮೇಲೆ ಮೂಕಯ್ಯನ ಬಾಯಲ್ಲಿ ಅದೊಂದೇ ಮಾತು.

ಸರಿ... ಆ ರಾತ್ರಿ ಬಾವಿ ದಾಟಿದ್ದಷ್ಟೇ. ಟಪ್... ಟಪ್... ಟರ್ರ್ರ್... ವಿಮಾನದ ಮೂತಿಯ ರೆಕ್ಕೆ ತಿರುಗೋ ಸದ್ದು. ಬಯಲಲ್ಲಿ ದೀಪವಿಲ್ಲ, ವಿಮಾನವೂ ಇಲ್ಲ. ಹತ್ತಿರದಲ್ಲೇ ಇನ್ನೊಂದು ಸದ್ದು. ಕರ್ಕ್... ಕರ್ಕ್... ಮೆಲುಕು. ಹೋರಿ ಅದೇ ಜಾಗದಲ್ಲಿ ಮಲಗಿದೆ!

ಮೂಕಯ್ಯ ಯೋಚಿಸಲಿಲ್ಲ. ಬೇಲಿಯ ಗೂಟ ಕಿತ್ತ. ನಮ್ಮ ವಂಶದಲ್ಲಿ ಯಾರೂ ಮಾಡದ್ದನ್ನ ಮಾಡಿದ. ಧಡ್ ಅಂತ ಬೆನ್ನಿಗೇ ಬಿಟ್ಟ. ಹೋರಿ ಎದ್ದು ಕತ್ತಲಿಗೆ ಹೋಯ್ತು. ದಾರಿ ಖಾಲಿ. ಸದ್ದು ಅವನ ಪಕ್ಕದಿಂದಲೇ ಹಾದುಹೋಯ್ತು... ನೆಲ ಬಿಟ್ಟಿತು... ಮೇಲೇರಿತು.

"ಹೋಗು ತಂಬೀ... ಹೋಗು..." ಅಳ್ತಾ ಅಳ್ತಾ ನಗ್ತಿದ್ದನಂತೆ.

ಫಟಾರ್!

ಅದೇ ಮರ. ಆಮೇಲೆ ಒಂದು ಹುಳದ ಸದ್ದೂ ಇಲ್ಲ. ಕಿವಿಯ ಹತ್ತಿರ ಯಾರೋ ಪಿಸುಗುಟ್ಟಿದರು.

"ಅಣ್ಣಾ..."

"ಮುತ್ತೂ?"

"ತಡ ಆಯ್ತಣ್ಣ... ನಾಳೆ ಇನ್ನೂ ಬೇಗ ಹೊಡಿ."

ಮಾರನೇ ದಿನವೂ ಹೋದ. ಅದರ ಮಾರನೇ ದಿನವೂ. ಅವನ ಹೆಂಡತಿ ಚಿನ್ನತಾಯಿ ಕಾಲು ಹಿಡಿದ್ರೂ ನಿಲ್ಲಲಿಲ್ಲ. ದಿನಾ ರಾತ್ರಿ ಹೊಡೀತಾನೆ, ದಿನಾ ರಾತ್ರಿ ವಿಮಾನ ಬೀಳುತ್ತೆ. ಹೋರಿಗೆ ಹೊಡೆದೆ ಅಂತ ಅವನೇ ಒಪ್ಪಿಕೊಂಡ ಮೇಲೆ ಹಿರಿಯರು ಅವನನ್ನ ಬಿಡಿಸಿ ದನ ಕಾಯೋ ಕೆಲಸ ನನಗೆ ಕೊಟ್ಟರು. ಈಗ ಅವನ ಮುಖ ನೋಡೋಕಾಗಲ್ಲ.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಹೋರಿ ರಾತ್ರಿಯೆಲ್ಲ ದೊಡ್ಡಿಯಲ್ಲೇ ಇರುತ್ತೆ. ಬಾಗಿಲಿಗೆ ಅಡ್ಡವಾಗಿ ನಾನೇ ಮಲಗ್ತೀನಿ. ಬೆಳಗ್ಗೆ ಎದ್ದು ನೋಡಿದ್ರೆ ಅದರ ಬೆನ್ನ ಮೇಲೆ ಹೊಸ ಬಾಸುಂಡೆ. ಸುಳ್ಳಲ್ಲ... ಇವತ್ತು ಬೆಳಗ್ಗೆ ಕೂಡ ಇದೇ ಕೈಯಲ್ಲಿ ಅರಿಸಿನ ಎಣ್ಣೆ ಹಚ್ಚಿ ಬಂದಿದ್ದೀನಿ.