ರಜನಿ ಮೇಡಂ ಪಿಯಾನೊ ಮುಂದೆ ಸುಮ್ಮನೆ ಕೂತ ಹೊತ್ತು

ಶಿಕಾರಿಪುರ, ಸೊರಬದ ಹಿರಿಯರಿಗೆ, ತಾಯಂದಿರಿಗೆ, ಮುಂದಿನ ಸಾಲಿನಲ್ಲಿರುವ ರಜನಿ ಮೇಡಂ ಅವರ ಮಗಳು ಮೈತ್ರಿಗೆ — ನಮಸ್ಕಾರ. ನಾನು ಮುನೀರ್ ಅಹ್ಮದ್, ಸೊರಬದವನೇ. ಹೋದ ವಾರ ನಮ್ಮನ್ನಗಲಿದ ಮೇಡಂ ಜೊತೆ ಬೆಂಗಳೂರಿನ ಸಂಗೀತ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಕಛೇರಿಗಳಲ್ಲಿ ಅವರ ಎಡಕ್ಕೆ ಕೂತು — ಹೀಗೆ — ಸ್ವರದ ಹಾಳೆ ತಿರುಗಿಸುತ್ತಿದ್ದೆ.

ನಮ್ಮ ಸೊರಬದ ಹೊಸಬಾಳೆ ಹಳ್ಳಿಯ ಹುಡುಗಿ ಪಿಯಾನೊ ಕಲಿತದ್ದೇ ದೊಡ್ಡ ಮಾತು. ಕಲಿತು ನುಡಿಸಿದ್ದೇನು? ಅಮೆರಿಕದಲ್ಲಿ ನಮ್ಮ ಕಾಲದವರೇ ಬರೆಯುತ್ತಿರುವ ಹೊಸ ಸಂಗೀತ. ಕರೆದವರು ಹಳೆಯ ಪ್ರಸಿದ್ಧ ಕೃತಿ ಕೇಳುತ್ತಿದ್ದರು, ಸಿನಿಮಾ ಹಾಡು ಕೇಳುತ್ತಿದ್ದರು. "ಅದಕ್ಕೆ ಬೇಕಾದಷ್ಟು ಜನ ಇದಾರೆ ರೀ. ಈ ಹೊಸಬರಿಗೆ ಯಾರಿದಾರೆ?" ಅನ್ನೋರು ಮೇಡಂ. ಎಷ್ಟೋ ಕಛೇರಿ ಕೈತಪ್ಪಿದವು, ಹಟ ಬಿಡಲಿಲ್ಲ. ಆದರೆ ಒಂದಾಸೆ ಇತ್ತು — ನಮ್ಮೂರ ಕಡೆಯವರು ಇದನ್ನು ಕೇಳಬೇಕು. ಕೇಳುತ್ತಾರೋ, ಎದ್ದು ಹೋಗುತ್ತಾರೋ? ಅದೊಂದೇ ಭಯ.

ಕೊನೆಗೆ ನಮ್ಮ ಲೋಕಪ್ಪನವರು ಶಿಕಾರಿಪುರದಲ್ಲಿ, ಇದೇ ಸಭಾಂಗಣದಲ್ಲಿ, ಕಾರ್ಯಕ್ರಮ ಇಟ್ಟರು. ಮೆಕ್ಕೆಜೋಳ ಸಾಗಿಸೋ ಲಾರಿಯಲ್ಲಿ ಪಿಯಾನೊ ಬಂತು. ಮೇಡಂ ನುಡಿಸಿದ ಕೃತಿಯ ನಡುವೆ ಒಂದು ಉದ್ದನೆಯ ಮೌನವಿತ್ತು. ಬರೆದವರೇ ಇಟ್ಟ ಮೌನ! ಮೇಡಂ ಕೈ ಎತ್ತಿ — ಹೀಗೆ — ಸುಮ್ಮನೆ ಕೂತರು. ಲೋಕಪ್ಪನವರು ಮುಗೀತು ಅಂದುಕೊಂಡರು. ಶಾಲು, ಹಾರ, ಹಣ್ಣಿನ ಬುಟ್ಟಿ — ಎಲ್ಲಾ ಹಿಡಿದು ವೇದಿಕೆಗೆ ಬಂದೇ ಬಿಟ್ಟರು! ಚಪ್ಪಾಳೆಯೋ ಚಪ್ಪಾಳೆ! ನಗಿ, ಪರವಾಗಿಲ್ಲ. ಲೋಕಪ್ಪನವರೂ ನಗುತ್ತಿದ್ದಾರೆ.

ನನಗೆ ಮಾತ್ರ ಜೀವ ಬಾಯಿಗೆ ಬಂತು. ಇಷ್ಟು ವರ್ಷದ ಆಸೆ ಹೀಗಾಯಿತಲ್ಲ ಅಂತ. ಮೇಡಂ ಎದ್ದರು. ಶಾಲು ಹೊದ್ದರು, ತಲೆ ಬಾಗಿ ಹಾರ ಹಾಕಿಸಿಕೊಂಡರು. "ಇನ್ನೂ ಮುಗಿದಿಲ್ಲ ಲೋಕಪ್ಪಣ್ಣ. ಸುಮ್ನೆ ಕೂತಿದ್ನಲ್ಲ, ಅದೂ ಸಂಗೀತನೇ. ಎಲ್ಲರೂ ಕೂತ್ಕೊಳ್ಳಿ, ಮೊದಲಿಂದ ನುಡಿಸ್ತೀನಿ" ಅಂದರು.

ನುಡಿಸಿದರು. ಮತ್ತೆ ಆ ಮೌನ ಬಂತು — ಒಬ್ಬರೂ ಅಲುಗಾಡಲಿಲ್ಲ. ಒಬ್ಬರೂ ಕೆಮ್ಮಲಿಲ್ಲ.

ಬೆಂಗಳೂರಿಗೆ ವಾಪಸು ಹೋಗುವಾಗ ಕಾರಿನಲ್ಲಿ ಮೇಡಂ ಅತ್ತರು. "ನಮ್ಮೂರೋರು ಕಾದ್ರು ಮಾರಾಯ. ನಂಗೋಸ್ಕರ ಕಾದ್ರು" ಅಂದರು. ಆಮೇಲೆ ಯಾವ ದೊಡ್ಡ ಊರಿಗೆ ಹೋದರೂ ನಿಮ್ಮ ಶಾಲನ್ನು ಬೆಂಚಿನ ಮೇಲೆ ಹಾಸಿಕೊಂಡೇ ನುಡಿಸಿದರು.

ಮೈತ್ರಿ, ನಿಮ್ಮಮ್ಮ ನಮಗೆ ಕೇಳೋದನ್ನು ಕಲಿಸಿದರಮ್ಮ. ಆ ಋಣ ನಮ್ಮೆಲ್ಲರ ಮೇಲಿದೆ.

ಬನ್ನಿ, ಎಲ್ಲರೂ ಎದ್ದು ನಿಲ್ಲೋಣ. ಒಂದಿಷ್ಟು ಹೊತ್ತು ಸುಮ್ಮನಿರೋಣ. ಲೋಕಪ್ಪನವರೇ, ಫೋಟೋಗೆ ತಂದ ಆ ಹಾರ ಸದ್ಯಕ್ಕೆ ಕೈಯಲ್ಲೇ ಇರಲಿ — ಇನ್ನೂ ಮುಗಿದಿಲ್ಲ.