ಡಿಕ್ಕಿಯಲ್ಲಿ ಅತ್ತೆಯವರಿದ್ದ ಬಗ್ಗೆ

ನನ್ನ ಹೆಸರು ಲಿಂಗಯ್ಯ ಬಿನ್ ನರಸಯ್ಯ, ವಯಸ್ಸು 46 ವರ್ಷ, ಸರ್ಕಾರಿ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ, ವಾಸ ಚನ್ನಪಟ್ಟಣ ಟೌನ್. ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಬಳಿ 1969ರ ಮಾದರಿಯ ಒಂದು ಕಾರು ಇರುತ್ತದೆ. ಮೂರು ವಾರಗಳಿಂದ ಅದರ ಹಿಂಭಾಗದಲ್ಲಿ ಕಟಕಟ ಶಬ್ದ ಬರುತ್ತಿತ್ತು. ಮೆಕ್ಯಾನಿಕ್ ನಿಯಾಜ್ ಬಾಗಿಲಿನ ರಬ್ಬರ್, ಚಕ್ರದ ಬೇರಿಂಗ್, ಸೈಲೆನ್ಸರ್ ಕ್ಲಾಂಪ್ ಎಲ್ಲವನ್ನೂ ಬದಲಾಯಿಸಿದರೂ ಶಬ್ದ ಬದಲಾಗಲಿಲ್ಲ. ನಾನು ಹತ್ತೊಂಬತ್ತು ವರ್ಷದಿಂದ ಶಬ್ದದ ಪಾಠ ಮಾಡುತ್ತಿದ್ದೇನೆ. ಅದು ಎಲ್ಲಿಂದ ಬರುತ್ತಿದೆಯೆಂದು ನನಗೂ ತಿಳಿಯಲಿಲ್ಲ. ಯಾರಾದರೂ ಡಿಕ್ಕಿಯೊಳಗೆ ಕುಳಿತು ಕಿವಿಗೊಡಬೇಕೆಂದೂ, ತನಗೆ ಸೊಂಟ ಹಿಡಿದಿದೆಯೆಂದೂ ನಿಯಾಜ್ ತಿಳಿಸಿದರು.

ದಿನಾಂಕ 17-11-1996ರ ಭಾನುವಾರ ಬೆಳಿಗ್ಗೆ 9-30ಕ್ಕೆ ದೊಡ್ಡಲಕ್ಷ್ಮಮ್ಮ, 63 ವರ್ಷ, ಕುರಿ ಸಾಕಣೆ, ಇವರನ್ನು ಅವರ ಊರಾದ ಮಾಗಡಿ ತಾಲ್ಲೂಕು ತಿಪ್ಪಸಂದ್ರಕ್ಕೆ ಬಿಡಲು ಹೊರಟೆನು. ಇವರು ನನ್ನ ಒಡಹುಟ್ಟಿದ ಅಕ್ಕ. ಇವರ ಮಗಳನ್ನೇ ನಾನು ಮದುವೆಯಾಗಿರುವುದರಿಂದ ಅತ್ತೆಯೂ ಹೌದು. ಮನೆಯೊಳಗೆ ಮಲಗಿಕೊಂಡೇ, ರೊಪ್ಪದಲ್ಲಿ ಕೆಮ್ಮಿದ್ದು ಯಾವ ಕುರಿ ಎಂದು ಹೇಳುವವರು. ‘ಒಸಿ ಡಿಕ್ಕಿ ತೆಗಿಲಾ, ನಾನೇ ಕೂತು ಕೇಳ್ತೀನಿ. ನಿನ್ ಕಿವಿ ಇರಾದು ಕನ್ನಡಕ ತಗಲಾಕಕ್ಕೆ’ ಎಂದು ಹೇಳಿ ತಾವಾಗಿಯೇ ಹತ್ತಿ ಕುಳಿತರು. ಗಾಳಿಯಾಡಲೆಂದು ಡಿಕ್ಕಿಯ ಬಾಗಿಲನ್ನು ಆರು ಇಂಚು ತೆರೆದಿಟ್ಟು ಹಗ್ಗದಿಂದ ಕಟ್ಟಿದೆನು. ಹಗ್ಗದ ವಿಷಯ ಇಷ್ಟೇ.

9-45ಕ್ಕೆ ಕೆಂಗಲ್ ಬಳಿ ಅಂಕಯ್ಯ ಎಂಬುವರ ಟೀ ಅಂಗಡಿಯ ಮುಂದೆ ಒಳಗಿನಿಂದ ಜೋರಾಗಿ ಬಡಿದಿದ್ದರಿಂದ ಕಾರು ನಿಲ್ಲಿಸಿದೆನು. ಶಬ್ದವೇ ಬರುತ್ತಿಲ್ಲವೆಂದು ತಿಳಿಸಲು ಅವರು ಬಡಿದಿದ್ದರು. ಒಳಗ್ಯಾರು ಎಂದು ಅಂಕಯ್ಯ ಕೇಳಿದರು. ನಮ್ಮ ಅತ್ತೆ ಎಂದೆನು. ಅದೇ ವೇಳೆಗೆ ಒಳಗಿನಿಂದ ‘ನಾನು ಇವನ ಅಕ್ಕ ಕಣಪ್ಪಾ’ ಎಂದು ದನಿ ಬಂತು. ‘ಎಷ್ಟು ಜನ್ರನ್ನ ತುಂಬ್ಕೊಂಡಿದ್ದೀಯ’ ಎಂದು ಹೇಳಿ ಅಂಕಯ್ಯ ಕಾರಿನ ಕೀ ಕಿತ್ತುಕೊಂಡರು. ಸುಮಾರು ನಲವತ್ತು ಜನ ಸೇರಿದರು. ಅವರಲ್ಲಿ ಯಾರೋ ಠಾಣೆಗೆ ಫೋನ್ ಮಾಡಿದರು.

10-20ಕ್ಕೆ ಎ.ಎಸ್.ಐ. ಸಾಹೇಬರು ಬಂದು ಹಗ್ಗ ನೋಡಿ, ಅಪಹರಣದ ಕೇಸು ಹಾಕುವುದಾಗಿ ತಿಳಿಸಿದರು. ಕೇಸಾದರೆ ನಾನು ಅಮಾನತಾಗುತ್ತೇನೆ. ಕಾರಿನ ಕಟಕಟ ನನ್ನನ್ನು ಕಟಕಟೆಯವರೆಗೆ ಒಯ್ಯುತ್ತದೆಂದು ಎಣಿಸಿರಲಿಲ್ಲ. ಶಬ್ದ ಪತ್ತೆಗಾಗಿ ಹೀಗೆ ಮಾಡಿದ್ದೆಂದು ವಿವರಿಸಲು, ಸಾಹೇಬರು ಅತ್ತೆಯವರನ್ನು ಇದ್ದಂತೆಯೇ ಇರಿಸಿ, ತಾವು ಮುಂದೆ ಕುಳಿತು ಒಂದು ಕಿಲೋಮೀಟರ್ ಓಡಿಸಿದರು. ಕಾರು ಸದ್ದಿಲ್ಲದೆ ಓಡಿತು. ಎಲ್ರೀ ಮೇಷ್ಟ್ರೇ ನಿಮ್ಮ ಶಬ್ದ ಎಂದು ಕೇಳಿದರು. ಮೂರು ವಾರ ಬೇಡವೆಂದರೂ ಬಂದದ್ದು ಬೇಕಾದಾಗ ಎಲ್ಲಿ ಹೋಯಿತೆಂದು ನನಗೆ ಅರ್ಥವಾಗಲಿಲ್ಲ.

ಬಲವಂತವಾಗಿ ಒಯ್ದರೇ ಎಂದು ಅತ್ತೆಯವರನ್ನು ವಿಚಾರಿಸಲಾಗಿ, ಅವರು ಡಿಕ್ಕಿಯಿಂದ ಇಳಿದು, ‘ಒಂದು ಕುರಿಮರಿ ಹಿಡ್ಕೊಂಬಾ ಅಂದ್ರೆ ಅದೇ ಇವನ್ನ ಎಳ್ಕೊಂಡೋಯ್ತದೆ. ಇವನು ನನ್ನ ಹೊತ್ಕೊಂಡೋದಾನಾ’ ಎಂದರು. ಜನ ನಕ್ಕರು. ಸಾಹೇಬರು ನಗಲಿಲ್ಲ. ಕಾರನ್ನು ರಸ್ತೆಯಿಂದ ಬದಿಗೆ ತೆಗೆಯಲು ಹೇಳಿದರು.

ನಾನು ಹತ್ತು ಅಡಿ ಚಲಿಸುವಷ್ಟರಲ್ಲಿ ಕಟಕಟ ಕೇಳಿಸಿತು. ಸಾಹೇಬರು ಅತ್ತೆಯವರನ್ನು ಮತ್ತೆ ಹತ್ತಲು ಹೇಳಿದರು, ಶಬ್ದ ನಿಂತಿತು. ಇಳಿಯಲು ಹೇಳಿದರು, ಬಂತು. ಹೀಗೆ ನಾಲ್ಕು ಬಾರಿ ನಡೆಯಿತು. ‘ಈಗ ತಿಳೀತಾ? ನನ್ ಭಾರಕ್ಕೆ ಬಾಯ್ ಮುಚ್ಕೊತದೆ’ ಎಂದು ಅತ್ತೆಯವರು ಹೇಳಿದರು. ಹೇಳಿ ಕಳಿಸಿದ ಮೇಲೆ 11-30ಕ್ಕೆ ಬಂದ ನಿಯಾಜ್ ಕಾರಿನಡಿ ನುಸುಳಿ, ಹಿಂದಿನ ಎಡಗಡೆ ಸ್ಪ್ರಿಂಗಿನ ರಬ್ಬರ್ ಸವೆದು ಹೋಗಿದ್ದು, ಹಿಂದೆ ಹಗುರವಿದ್ದಾಗ ಕುಣಿಯುತ್ತದೆ, ಭಾರ ಬಿದ್ದರೆ ಕಚ್ಚಿಕೊಳ್ಳುತ್ತದೆ ಎಂದು ತೋರಿಸಿದರು.

ಸಾಹೇಬರು ಕೇಸು ಕೈಬಿಟ್ಟು, ಅಪಹರಣವೆಂದು ಮೊದಲೇ ವೈರ್‌ಲೆಸ್‌ನಲ್ಲಿ ಹೇಳಿಯಾಗಿರುವ ಕಾರಣ ಈ ಹೇಳಿಕೆ ಬರೆಸಿಕೊಂಡಿರುತ್ತಾರೆ. ರಬ್ಬರ್ ಸಿಗುವುದು ನಾಳೆ. ಅಲ್ಲಿಯವರೆಗೆ ಡಿಕ್ಕಿಗೆ ಒಂದು ರಾಗಿಮೂಟೆ ಹಾಕಿ, ಅತ್ತೆಯವರನ್ನು ಮುಂದೆ ಕೂರಿಸಿಕೊಳ್ಳಲು ಸಾಹೇಬರು ಸಲಹೆ ಕೊಟ್ಟರು. ಅದಕ್ಕೆ ಅತ್ತೆಯವರು ‘ಮೂಟೇನೇ ಮುಂದೆ ಕೂರ್ಸಿ. ತಿಪ್ಪಸಂದ್ರದ ಗಂಟ ಇವನ ಪಾಠ ಕೇಳಕ್ಕೆ ನನ್ ಕೈಲಾಗಕ್ಕಿಲ್ಲ, ನಾನು ಒಳಗೇ ಕಾಲು ಚಾಚ್ಕೊಂಡು ಬತ್ತೀನಿ’ ಎಂದು ಹೇಳಿ ಈಗಾಗಲೇ ಹತ್ತಿ ಕುಳಿತಿರುತ್ತಾರೆ. ಮುಂದಿನ ದಾರಿಯಲ್ಲಿ ಟೀ ಅಂಗಡಿಗಳು ಹಲವಿರುವುದರಿಂದ, ಈ ಹೇಳಿಕೆಯ ಮೊಹರು ಹಾಕಿದ ಒಂದು ಪ್ರತಿಯನ್ನು ನನಗೆ ಕೊಡಬೇಕಾಗಿ ಕೋರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದೆನು. ನನಗೆ ಅರ್ಥವಾದ ಮಟ್ಟಿಗೆ ಎಲ್ಲವೂ ನಿಜವಾಗಿರುತ್ತದೆ.

ಸ್ಥಳ: ಕೆಂಗಲ್, ಟೀ ಅಂಗಡಿಯ ಬೆಂಚು
ದಿನಾಂಕ: 17-11-1996, ಮಧ್ಯಾಹ್ನ 12-40
(ಸಹಿ) ಲಿಂಗಯ್ಯ